ಕಾಸರಕದ ಊರಿನಲ್ಲಿ ಮದ್ದಿನ ಹುಡುಕಾಟ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಗ್ರಂಥಾಲಯವೊಂದರಲ್ಲಿ, ಆಟಿ ಅಮಾವಾಸ್ಯೆ ಕಳೆದ ವಾರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಕಳೆದ ವಾರ ಆಟಿ ಅಮಾವಾಸ್ಯೆಯಂದು ನಿಮ್ಮಲ್ಲಿ ಹಲವರು ಬೆಳಗು ಹರಿಯುವ ಮೊದಲೇ ಎದ್ದು ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ರಸ ಕುಡಿದಿರುತ್ತೀರಿ. ನಮ್ಮ ಮನೆಯಲ್ಲಿ ಅಜ್ಜ ಅಮಾವಾಸ್ಯೆಯ ಹಿಂದಿನ ಸಂಜೆಯೇ ಗುಡ್ಡೆಗೆ ಹೋಗಿ, ಮರವನ್ನು ಹಗಲಿನ ಬೆಳಕಿನಲ್ಲಿ ನೋಡಿ, ಅದರ ಬುಡಕ್ಕೆ ಬಳ್ಳಿಯೊಂದನ್ನು ಕಟ್ಟಿ ಬರುತ್ತಿದ್ದರು. ಮರುದಿನ ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುವಾಗ ಕೈಗೆ ಆ ಬಳ್ಳಿ ತಾಗಬೇಕು, ತಾಗದಿದ್ದರೆ ಆ ಮರವನ್ನು ಮುಟ್ಟಬಾರದು ಎಂಬುದು ಅವರ ಕಟ್ಟಳೆಯಾಗಿತ್ತು. ಬಾಲ್ಯದಲ್ಲಿ ನಾನು ಇದನ್ನೊಂದು ಆಚರಣೆಯೆಂದು ತಿಳಿದಿದ್ದೆ. ಅದೇ ಗುಡ್ಡೆಯಲ್ಲಿ ಕಾಸರಕನ ಮರಗಳೂ ಇದ್ದವು, ಕತ್ತಲಲ್ಲಿ ಕೈತಪ್ಪಿ ಅದರ ಕೆತ್ತೆ ತಂದು ಅರೆದು ಕುಡಿದರೆ ಮನೆಮಂದಿಯ ಜೀವವೇ ಹೋಗಬಹುದು ಎಂಬುದು ಅರ್ಥವಾದದ್ದು ರಸಾಯನಶಾಸ್ತ್ರ ಓದಿದ ಮೇಲೆ. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಏಳೇಳಾಗಿ ಬರುತ್ತವೆ, ಗಾಯ ಮಾಡಿದರೆ ಹಾಲು ಸುರಿಯುತ್ತದೆ. ಕಾಸರಕನ ಎಲೆಗಳು ಎದುರುಬದುರಾಗಿ ಎರಡೆರಡು, ಬುಡದಿಂದಲೇ ಕವಲೊಡೆಯುವ ನರಗಳು, ಹಾಲಿಲ್ಲ. ಹಗಲಲ್ಲಿ ಮಗುವಾದರೂ ಗುರುತಿಸಬಲ್ಲ ಈ ಭೇದ ಕತ್ತಲಲ್ಲಿ ಕಾಣಿಸದು. ಅಜ್ಜ ಕಟ್ಟಿದ ಆ ಬಳ್ಳಿಯನ್ನು, ಅಂದರೆ ಗಿಡದ ಗುರುತನ್ನು, ಕಾಡಿನ ಗಿಡಗಳಲ್ಲಿ ಮದ್ದು ಹುಡುಕುವುದರ ಕುರಿತಾದ ಇಂದಿನ ಮಾತಿನುದ್ದಕ್ಕೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಕಾಸರಗೋಡು ಎಂಬ ಹೆಸರಿಗೆ ಹೇಳುವ ನಿಷ್ಪತ್ತಿಗಳಲ್ಲಿ ಒಂದು, ಕಾಸರಕ ಮರಗಳು ಹೇರಳವಾಗಿದ್ದ ಸ್ಥಳ ಎಂಬುದು. ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಞ್ಞಿರಂ, ಸಂಸ್ಕೃತದಲ್ಲಿ ವಿಷಮುಷ್ಟಿ ಎನಿಸಿಕೊಳ್ಳುವ ಈ ಮರದ ಕುಲದ ಬೀಜಗಳಿಂದ 1818ರಲ್ಲಿ ಪ್ಯಾರಿಸಿನ ಪೆಲ್ಲೆಟಿಯೇ ಮತ್ತು ಕವಾಂಟು ಎಂಬ ಇಬ್ಬರು ಔಷಧ ರಸಾಯನಜ್ಞರು ಸ್ಟ್ರಿಕ್ನಿನ್ ಎಂಬ ಆಲ್ಕಲಾಯ್ಡನ್ನು (ಗಿಡದಲ್ಲಿರುವ, ಸಾರಜನಕವುಳ್ಳ ಪ್ರಬಲ ವಸ್ತುವನ್ನು) ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ಇಬ್ಬರು, ಹೆಚ್ಚು ಕಡಿಮೆ ಅದೇ ವಿಧಾನದಿಂದ, 1820ರಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಾಡುಗಳ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. ಕ್ವಿನೈನ್ ಮಲೇರಿಯಾದಿಂದ ಲೆಕ್ಕವಿಲ್ಲದಷ್ಟು ಜನರನ್ನು ಉಳಿಸಿತು. ಸ್ಟ್ರಿಕ್ನಿನ್ ಕೆಲವು ಕಾಲ ಟಾನಿಕ್ಕುಗಳಲ್ಲಿ ಸೇರಿಕೊಂಡಿದ್ದು, ಕೊನೆಗೆ ಇಲಿಪಾಷಾಣವಾಗಿ ಉಳಿಯಿತು. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ಸಂಕೇತಗಳಿವೆ. ಸ್ಟ್ರಿಕ್ನಿನ್ ಅವುಗಳನ್ನು ತಡೆಯುವುದರಿಂದ ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ನಮ್ಮ ವೈದ್ಯರು ಈ ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ತುಪ್ಪದಲ್ಲಿ ಹುರಿದು ಶೋಧನೆ ಮಾಡಿದ ಬಳಿಕವಷ್ಟೇ ಬಳಸಿದರು ಎಂಬುದನ್ನು ನೋಡಿದರೆ, ಅದರ ಶಕ್ತಿಯ ಅರಿವು ಅವರಿಗೆ ಎಷ್ಟು ಖಚಿತವಾಗಿತ್ತೆಂದು ತಿಳಿಯುತ್ತದೆ. ಗಿಡದಲ್ಲಿರುವ ಬಲವಾದ ಅಣುವೆಲ್ಲ ಔಷಧವಾಗುವುದಿಲ್ಲ. ಔಷಧವಾಗುವುದೆಲ್ಲ ಬಹುಮಟ್ಟಿಗೆ ಬಲವಾದ ಅಣುವೇ ಆಗಿರುತ್ತದೆ.

ಗಿಡಗಳು ಇಂತಹ ವಸ್ತುಗಳನ್ನು ಏಕೆ ತಯಾರಿಸುತ್ತವೆ? ಇದಕ್ಕೆ ಉತ್ತರ ಅಡಿಕೆ ಬೆಳೆಯುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಳೆಗಾಲ ಸುರುವಾಗುವ ಮೊದಲೇ ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಗೊನೆಗಳಿಗೆ ಸಿಂಪಡಿಸದಿದ್ದರೆ ಕೊಳೆರೋಗ ತೋಟವನ್ನೇ ನುಂಗುತ್ತದೆ. ಈ ಕೆಲಸವನ್ನು ನಾವು ಮದ್ದು ಬಿಡುವುದು ಎನ್ನುತ್ತೇವೆ. ಅದೇ ಮಳೆ, ಅದೇ ತೇವ, ಅದೇ ಶಿಲೀಂಧ್ರಗಳ ನಡುವೆ ರಾಣಿಪುರದ ಕಾಡಿನ ಮರಗಳೂ ನಿಂತಿವೆ. ಅವುಗಳಿಗೆ ಮದ್ದು ಬಿಡುವವರು ಯಾರೂ ಇಲ್ಲ. ಚಳಿದೇಶಗಳಲ್ಲಿ ಹಿಮ ಬಿದ್ದಾಗ ಹುಳುಗಳೂ ಬೂಷ್ಟುಗಳೂ ಕೆಲವು ತಿಂಗಳು ಸುಮ್ಮನಿರುತ್ತವೆ. ಮಳೆಕಾಡಿನಲ್ಲಿ ಅಂತಹ ಬಿಡುವಿಲ್ಲ. ವರ್ಷದ ಹನ್ನೆರಡು ತಿಂಗಳೂ ತಿನ್ನಲು ಬರುವವರ ನಡುವೆ, ಓಡಿಹೋಗಲು ಕಾಲಿಲ್ಲದ ಗಿಡವು ತನ್ನ ಮದ್ದನ್ನು ತಾನೇ ಮೈಯೊಳಗೆ ತಯಾರಿಸಿಕೊಳ್ಳಬೇಕಾಗುತ್ತದೆ. ಕೀಟದ ನರವನ್ನು ಕೆಡಿಸುವ ಅಣು ನಮ್ಮ ನರದ ಮೇಲೂ, ಶಿಲೀಂಧ್ರದ ಕೋಶವಿಭಜನೆಯನ್ನು ನಿಲ್ಲಿಸುವ ಅಣು ನಮ್ಮ ಕ್ಯಾನ್ಸರ್ ಕೋಶದ ಮೇಲೂ ಕೆಲಸ ಮಾಡಬಹುದು, ಏಕೆಂದರೆ ಜೀವಕೋಶದ ಮೂಲ ಯಂತ್ರಗಳು ಎಲ್ಲ ಜೀವಿಗಳಲ್ಲಿ ಬಹಳಷ್ಟು ಸಮಾನವಾಗಿವೆ. ಪಶ್ಚಿಮ ಘಟ್ಟದಲ್ಲಿ ಸುಮಾರು 7,400 ಬಗೆಯ ಹೂಬಿಡುವ ಸಸ್ಯಗಳು ದಾಖಲಾಗಿವೆ. ಅವುಗಳಲ್ಲಿ ರಾಸಾಯನಿಕವಾಗಿ ಚೆನ್ನಾಗಿ ಪರಿಶೀಲಿಸಲ್ಪಟ್ಟವು ಸಣ್ಣ ಪಾಲು ಮಾತ್ರ.

ಗಿಡಗಳಲ್ಲಿ ಮದ್ದು ಹುಡುಕುವುದಕ್ಕೆ ಎರಡು ದಾರಿಗಳಿವೆ. ಸಿಕ್ಕಿದ ಗಿಡವನ್ನೆಲ್ಲ ತಂದು ಪರೀಕ್ಷಿಸುವುದು ಒಂದು. ಬಲ್ಲವರನ್ನು ಕೇಳಿ ಅವರು ತೋರಿಸಿದ ಗಿಡವನ್ನು ತರುವುದು ಇನ್ನೊಂದು. ಮೊದಲ ದಾರಿಯಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ನಡೆಯಿತು. ಸುಮಾರು 35,000 ಸಸ್ಯ ಮಾದರಿಗಳಿಂದ 1,14,000ದಷ್ಟು ಸಾರಗಳನ್ನು ಅಲ್ಲಿ ಪರೀಕ್ಷಿಸಲಾಯಿತು. ಅಷ್ಟು ದೊಡ್ಡ ಜರಡಿಯಲ್ಲಿ ಉಳಿದು, ಮುಂದೆ ಆಸ್ಪತ್ರೆಗಳನ್ನು ತಲುಪಿದ ಹೆಸರಾಂತ ಔಷಧಗಳ ಮೂಲಗಳು ಎರಡು: ಟ್ಯಾಕ್ಸಾಲ್ ಮತ್ತು ಕ್ಯಾಂಪ್ಟೊಥೆಸಿನ್. ಎರಡನ್ನೂ ಹೊರತೆಗೆದವರು ರಸಾಯನಜ್ಞರಾದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ.

ಕ್ಯಾಂಪ್ಟೊಥೆಸಿನ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಘಟ್ಟಕ್ಕೂ ಸಂಬಂಧಿಸಿದ್ದು. 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಅದು ದೊರೆಯಿತು. ಆರು ವರ್ಷಗಳ ಬಳಿಕ, 1972ರಲ್ಲಿ, ಭಾರತೀಯ ವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಅಣುವು ಸಹ್ಯಾದ್ರಿಯ ಒಂದು ಚಿಕ್ಕ ಮರದಲ್ಲಿಯೂ ಇದೆಯೆಂದು ತೋರಿಸಿದರು. ಮಹಾರಾಷ್ಟ್ರದಲ್ಲಿ ನರಕ್ಯಾ ಎನ್ನುವ, ಕನ್ನಡದಲ್ಲಿ ದುರ್ವಾಸನೆ ಮರವೆಂದು ಕರೆಯುವ ಮರವದು. ಆದರೆ ಔಷಧವಾಗುವ ದಾರಿ ಅಲ್ಲಿಗೇ ತೆರೆದುಕೊಳ್ಳಲಿಲ್ಲ. 1970ರ ದಶಕದಲ್ಲಿ ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅದರ ವಿಷಗುಣ ತೀವ್ರವಾಗಿ ಕಂಡುಬಂದು ಕೆಲಸ ನಿಂತುಹೋಯಿತು. 1985ರಲ್ಲಿ, ಡಿಎನ್‌ಎಯ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಈ ಅಣು ಹಿಡಿದು ನಿಲ್ಲಿಸುತ್ತದೆ ಎಂಬುದು ತಿಳಿದ ಮೇಲೆ ಪುನಃ ಆಸಕ್ತಿ ಚಿಗುರಿತು. ಅಣುವಿನ ರಚನೆಯನ್ನು ಸ್ವಲ್ಪ ಬದಲಾಯಿಸಿ ತಯಾರಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1996ರಲ್ಲಿ. ಅಂದರೆ ಅಣು ಸಿಕ್ಕಿದ ಮೂವತ್ತು ವರ್ಷಗಳ ಮೇಲೆ. ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಇಂದು ಇವುಗಳನ್ನು ಬಳಸುತ್ತಾರೆ. ಈ ನಡುವೆ ಸಹ್ಯಾದ್ರಿಯ ಆ ಮರಕ್ಕೆ ಆದದ್ದೇನು? ಅದರ ಕಾಂಡವನ್ನು ಕಡಿದು, ಚಕ್ಕೆಮಾಡಿ, ಮಾರುಕಟ್ಟೆಗೆ ಸಾಗಿಸಿದರು. ಮರ ತೀರುತ್ತಾ ಬಂದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೂ ಇತರರೂ ಬೇರೆ ಮೂಲಗಳನ್ನು ಅರಸಿದರು. ಮರದ ಅಂಗಾಂಶದೊಳಗೆ ವಾಸಿಸುವ ಕೆಲವು ಶಿಲೀಂಧ್ರಗಳೂ ಕ್ಯಾಂಪ್ಟೊಥೆಸಿನ್ ತಯಾರಿಸಬಲ್ಲವೆಂಬ ವರದಿಗಳು ಬಂದವು. ಕಡಿಯುವ ಮೊದಲು ಈ ಕೆಲಸ ನಡೆದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಎಲೆ ಅಥವಾ ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಎಣ್ಣೆಯಂಶವನ್ನು ಕರಗಿಸುವ ಹೆಕ್ಸೇನಿನಿಂದ ಹಿಡಿದು ನೀರಿಗೆ ಹತ್ತಿರವಾದ ಮೆಥನಾಲಿನವರೆಗೆ ಒಂದಾದ ಮೇಲೊಂದು ದ್ರಾವಕದಲ್ಲಿ ನೆನೆಸುತ್ತಾರೆ. ದೊರೆತ ಸಾರವನ್ನು ಕೋಶಗಳ ಮೇಲೋ ಕಿಣ್ವಗಳ ಮೇಲೋ ಪರೀಕ್ಷಿಸಿ, ಗುಣ ಕಂಡ ಸಾರವನ್ನು ಭಾಗಮಾಡಿ, ಪ್ರತಿ ಭಾಗವನ್ನೂ ಮತ್ತೆ ಪರೀಕ್ಷಿಸಿ, ಗುಣ ಎಲ್ಲಿದೆಯೋ ಅದರ ಬೆನ್ನು ಹಿಡಿದು ಒಂದೇ ಅಣು ಉಳಿಯುವ ತನಕ ಹೋಗುತ್ತಾರೆ. ದಾರಿಯಲ್ಲಿ ಮೋಸಹೋಗುವುದು ಸುಲಭ. ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಾಗಿದರೆ ಬಿಡುವುದಿಲ್ಲವಷ್ಟೆ. ಆ ಚೊಗರಿನಲ್ಲಿರುವ ಟ್ಯಾನಿನ್ನುಗಳು ಯಾವ ಪ್ರೊಟೀನಿಗಾದರೂ ಹಾಗೆಯೇ ಅಂಟಿಕೊಂಡು, ಪರೀಕ್ಷಾನಳಿಗೆಯಲ್ಲಿ ಎಲ್ಲ ಕಿಣ್ವಗಳನ್ನೂ ತಡೆದಂತೆ ತೋರಿಸುತ್ತವೆ. ಮರದ ತೊಗಟೆಗಳಲ್ಲಿ ಟ್ಯಾನಿನ್ ಹೇರಳ. ಆದ್ದರಿಂದ ‘ಇಂಥ ತೊಗಟೆಯ ಸಾರ ಕ್ಯಾನ್ಸರ್ ಕೋಶವನ್ನು ಕೊಂದಿತು’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಅದರ ಮುಂದೆ ಇನ್ನೂ ನೂರು ಮೆಟ್ಟಿಲುಗಳಿವೆಯೆಂದು ತಿಳಿಯಬೇಕು.

ಆದರೆ ಈ ಎಲ್ಲ ಮೆಟ್ಟಿಲುಗಳಿಗಿಂತ ಮೊದಲಿನದೊಂದಿದೆ. ನಾನು ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಒಂದು ಪ್ರಯೋಗಾಲಯದಲ್ಲಿ, ಸಿಹಿಮೂತ್ರಕ್ಕೆ ಜನ ಬಳಸುವ ಹೊನ್ನೆಯ ತೊಗಟೆಯನ್ನು ಪರಿಶೀಲಿಸುತ್ತಿದ್ದೆವು. ಮೊದಲ ಚೀಲದ ಪುಡಿ ಒಳ್ಳೆಯ ಫಲ ಕೊಟ್ಟಿತು. ಮುಗಿದಾಗ ಮತ್ತೊಂದು ಚೀಲ ತರಿಸಿದೆವು. ಅದರಲ್ಲಿ ಏನೂ ಸಿಗಲಿಲ್ಲ. ಆರು ತಿಂಗಳ ಕಾಲ ದ್ರಾವಕ ಬದಲಾಯಿಸಿ, ಉಷ್ಣತೆ ಬದಲಾಯಿಸಿ ಹೆಣಗಿದ ಮೇಲೆ ತಿಳಿದದ್ದೇನೆಂದರೆ, ಮೊದಲ ಚೀಲ ತಂದವನು ಘಟ್ಟದ ಬುಡದವನು, ಅವನ ಹೊನ್ನೆ ಎಂದರೆ ಲೋಟ ಕಡೆಯುವ, ಕೆಂಪು ರಸ ಒಸರುವ ಬೇಂಗ. ಎರಡನೆಯವನು ಕಡಲಕರೆಯವನು, ಅವನ ಹೊನ್ನೆ ಎಂದರೆ ಬೀಜದಿಂದ ದೀಪದೆಣ್ಣೆ ತೆಗೆಯುವ, ಮಲಯಾಳದಲ್ಲಿ ಪುನ್ನ ಎನ್ನುವ ಮರ. ಎರಡೂ ಪುಡಿಯಾಗಿ ಬಂದಿದ್ದವು. ಎರಡರ ಮೇಲೂ ‘ಹೊನ್ನೆ ತೊಗಟೆ’ ಎಂಬ ಒಂದೇ ಚೀಟಿ. ಹೂವೋ ಕಾಯಿಯೋ ಇರುವ ಗೆಲ್ಲೊಂದನ್ನು ಒತ್ತಿ ಒಣಗಿಸಿ ಇಟ್ಟಿರಲಿಲ್ಲ. ಚೀಟಿ ಬರೆದವನು ನಾನು. ಆ ಆರು ತಿಂಗಳ ಟಿಪ್ಪಣಿಗಳನ್ನೆಲ್ಲ ಬದಿಗಿಡಬೇಕಾಯಿತು.

ಭಾಷೆಗಳು ಕೂಡುವ ಈ ಗಡಿನಾಡಿನಲ್ಲಿ ಇಂತಹ ತಪ್ಪು ಬಹಳ ಸುಲಭ. ಬ್ರಾಹ್ಮಿ ಎಂದರೆ ನಮ್ಮ ಕನ್ನಡದವರಿಗೆ ಒಂದೆಲಗ. ತುಳುವಿನ ತಿಮರೆ, ಹವ್ಯಕರ ಉರಗೆ. ನಾವು ತಂಬುಳಿ ಮಾಡುವುದು ಅದರಿಂದ. ಮಲಯಾಳದ ವೈದ್ಯರಿಗೆ ಬ್ರಹ್ಮಿ ಎಂದರೆ ನೀರಿನ ಬದಿಯಲ್ಲಿ ಹರಡುವ, ದಪ್ಪ ಪುಟ್ಟ ಎಲೆಗಳ ನೀರುಬ್ರಾಹ್ಮಿ. ಎರಡೂ ನೆನಪಿನ ಶಕ್ತಿಗೆ ಹೆಸರಾದವು, ಎರಡೂ ಬೇರೆ ಬೇರೆ ಕುಟುಂಬದವು. ಒಂದರಲ್ಲಿರುವ ಮುಖ್ಯ ಅಣು ಏಷಿಯಾಟಿಕೊಸೈಡ್, ಇನ್ನೊಂದರಲ್ಲಿ ಬ್ಯಾಕೊಸೈಡ್. ಒಂದೇ ಅಂಗಡಿಯಲ್ಲಿ ಕೇಳುವವನ ಭಾಷೆಗೆ ತಕ್ಕಂತೆ ಪೊಟ್ಟಣ ಬದಲಾಗುವ ಊರು ನಮ್ಮದು. ಹೀಗಾಗಿ ಇಲ್ಲಿ ಗಿಡವೊಂದರ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಬರೆದಿಡುವುದು ಭಾಷಾಭಿಮಾನದ ಕೆಲಸವೂ ಹೌದು, ವಿಜ್ಞಾನದ ಮೊದಲ ಕೆಲಸವೂ ಹೌದು.

ಹೊನ್ನೆಯ ಪ್ರಸ್ತಾಪ ಬಂದದ್ದರಿಂದ ಅದರ ದೂರದ ನಂಟನೊಬ್ಬನ ವಿಷಯ ಹೇಳಬೇಕು. 1987ರಲ್ಲಿ ಬೋರ್ನಿಯೋ ದ್ವೀಪದ ಸರವಾಕ್ ಪ್ರದೇಶದ ಕಾಡಿನಿಂದ, ನಮ್ಮ ಕಡಲಕರೆಯ ಹೊನ್ನೆಯ ಕುಲಕ್ಕೇ ಸೇರಿದ ಮರವೊಂದರ ಎಲೆ, ಕಡ್ಡಿಗಳನ್ನು ಅಮೆರಿಕಕ್ಕೆ ಕಳುಹಿಸಲಾಯಿತು. ಅದರ ಸಾರವು ಎಚ್‌ಐವಿಯ ಬೆಳವಣಿಗೆಯನ್ನು ತಡೆಯಿತು. ಕಾರಣವಾದ ಅಣುವಿಗೆ ಕಲನೊಲೈಡ್-ಎ ಎಂದು ಹೆಸರಾಯಿತು. ಇನ್ನಷ್ಟು ಬೇಕೆಂದು ಹುಡುಕಿಕೊಂಡು ಹೋದಾಗ ಆ ಮರ ಇರಲಿಲ್ಲ, ಯಾರೋ ಕಡಿದಿದ್ದರು. ಅದೇ ಜಾತಿಯ ಬೇರೆ ಮರಗಳಿಂದ ತಂದ ಮಾದರಿಗಳಲ್ಲಿ ಆ ಅಣು ಅಷ್ಟಾಗಿ ದೊರೆಯಲಿಲ್ಲ. ಒಂದೇ ಜಾತಿಯಲ್ಲಿಯೂ ಮರದಿಂದ ಮರಕ್ಕೆ, ಸ್ಥಳದಿಂದ ಸ್ಥಳಕ್ಕೆ ರಸಾಯನ ಬದಲಾಗುತ್ತದೆ ಎಂಬುದನ್ನು, ಒಂದೇ ತೋಟದ ಎರಡು ಕಾಟುಮಾವಿನ ಹಣ್ಣುಗಳ ರುಚಿ ಬಲ್ಲ ನಿಮಗೆ ವಿವರಿಸಬೇಕಾಗಿಲ್ಲ. ಮುಂದೆ ಅದರ ಹತ್ತಿರದ ನಂಟಿನ ಇನ್ನೊಂದು ಮರದ ಹಾಲಿನಲ್ಲಿ ಅದೇ ಬಗೆಯ ಮತ್ತೊಂದು ಅಣು ಸಿಕ್ಕಿತು. ಅದನ್ನು ರಬ್ಬರು ಟ್ಯಾಪ್ ಮಾಡಿದಂತೆ, ಮರ ಕಡಿಯದೆ ಪಡೆಯಬಹುದಾಗಿತ್ತು. ಕಲನೊಲೈಡ್-ಎಯನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ಮನುಷ್ಯರ ಮೇಲಿನ ಪ್ರಯೋಗದವರೆಗೂ ತಂದರು. ಮಾರಾಟಕ್ಕೆ ಬರುವ ಔಷಧ ಅದಾಗಲಿಲ್ಲ.

ನಮ್ಮ ಏಕನಾಯಕ ಬಳ್ಳಿಯ ಕಥೆಯಲ್ಲಿಯೂ ಇಂತಹುದೇ ಅಂಶವಿದೆ. ಮಲಯಾಳದ ಪೊನ್‌ಕೊರಂಡಿ ಎಂದರೂ ಅದೇ. ಸಿಹಿಮೂತ್ರಕ್ಕೆ ಅದರ ಬೇರಿನ ಕಷಾಯ ಕುಡಿಯುವುದು ಇಲ್ಲಿಯೂ ಸಿಂಹಳದಲ್ಲಿಯೂ ಇದ್ದ ಕ್ರಮ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರಿಂದ ಸಲಾಸಿನಾಲ್ ಎಂಬ ಅಣುವನ್ನು ಬೇರ್ಪಡಿಸಿ, ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದರು. ಬಲ್ಲವರ ಮಾತಿನಲ್ಲಿ ಹುರುಳಿತ್ತು. ಆದರೆ ಬೇಕಾದದ್ದು ಬೇರು, ಬೇರು ಅಗೆದರೆ ಬಳ್ಳಿ ಸಾಯುತ್ತದೆ. ಮರದರಿಶಿನದ್ದೂ ಇದೇ ಗತಿ. ಕಾಡಿನಲ್ಲಿ ನಿಧಾನವಾಗಿ ಬೆಳೆಯುವ, ಗಂಡು ಬೇರೆ ಹೆಣ್ಣು ಬೇರೆಯಾಗಿರುವ ಆ ಬಳ್ಳಿಯ ದಪ್ಪ ಕಾಂಡವನ್ನು ಕಡಿದರೆ ಮುಂದೆ ಬೀಜ ಕೊಡುವವರೇ ಇಲ್ಲ.

ಬಲ್ಲವರ ಮಾತನ್ನು ಪರೀಕ್ಷೆಗೆ ಒಡ್ಡಬಾರದೆಂದು ಇದರ ಅರ್ಥವಲ್ಲ. ಕಾಮಾಲೆಗೆ ಕಿರುನೆಲ್ಲಿ ಕೊಡದ ಮನೆ ನಮ್ಮಲ್ಲಿ ಇದೆಯೇ? 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತ 37 ಮಂದಿಗೆ ಕಿರುನೆಲ್ಲಿಯ ಪುಡಿ ಕೊಟ್ಟಾಗ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಗಿತ್ತು. ಔಷಧವಿಲ್ಲದ ಹುಸಿಮಾತ್ರೆ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಆ ವೈರಾಣುವನ್ನು ಗುರುತಿಸಿ ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಆ ಕೆಲಸದಲ್ಲಿದ್ದರು. ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಆದರೆ ಬೇರೆ ಬೇರೆ ಕಡೆ ನಡೆಸಿದ ನಂತರದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಿಸಲಿಲ್ಲ. ಬೇಸರವಾದರೂ ಒಪ್ಪಿಕೊಳ್ಳಲೇಬೇಕು. ಕಾಮಾಲೆ ಎಂಬುದು ಹಲವು ರೋಗಗಳ ಒಂದು ಲಕ್ಷಣ; ಕೆಲವು ತಾನಾಗಿಯೇ ಇಳಿಯುತ್ತವೆ, ಕೆಲವು ಕೊಲ್ಲುತ್ತವೆ. ಕಣ್ಣು ಹಳದಿಯಾದವರು ರಕ್ತಪರೀಕ್ಷೆ ಮಾಡಿಸದೆ ಸೊಪ್ಪನ್ನೇ ನಂಬಿ ಕೂರಬಾರದೆಂದು ಈ ಸಭೆಯಲ್ಲಿ ಕೈಮುಗಿದು ಹೇಳುತ್ತೇನೆ. ಪಾಲೆಯ ತೊಗಟೆಯನ್ನೂ ಒಂದು ಕಾಲದಲ್ಲಿ ಮಲೇರಿಯಾಕ್ಕೆ ಕ್ವಿನೈನಿನ ಬದಲು ಬಳಸಿ ನೋಡಿದರು. ಆ ಶಕ್ತಿ ಅದರಲ್ಲಿ ದೃಢಪಡಲಿಲ್ಲ.

ಸುರಕ್ಷತೆಯ ಪರೀಕ್ಷೆ ಎಂದರೇನು, ಅದು ಏಕೆ ವರ್ಷಗಟ್ಟಲೆ ನಡೆಯಬೇಕು ಎಂದು ಹೊರಗಿನವರು ಕೇಳಬಹುದು. ನಮ್ಮ ಜಿಲ್ಲೆಯವರು ಕೇಳಲಾರರು. ಗೇರುತೋಪುಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ‘ಮದ್ದು’ ಎಂದು ಸುರಿದ ಎಂಡೋಸಲ್ಫಾನ್ ಕೀಟನಾಶಕದ ಪರಿಣಾಮವನ್ನು ಎಣ್ಮಕಜೆಯ, ಬೆಳ್ಳೂರಿನ, ಮುಳಿಯಾರಿನ ತಾಯಂದಿರು ಈಗಲೂ ಮಡಿಲಲ್ಲಿ ಹೊತ್ತಿದ್ದಾರೆ.

ಇನ್ನು ಋಣದ ವಿಚಾರ. 1987ರ ಡಿಸೆಂಬರಿನಲ್ಲಿ ನಮ್ಮದೇ ಕೇರಳ ರಾಜ್ಯದ ದಕ್ಷಿಣದ ತುದಿಯಲ್ಲಿ, ಅಗಸ್ತ್ಯಮಲೆಯ ಕಾಡಿನಲ್ಲಿ, ಡಾ. ಪುಷ್ಪಾಂಗದನ್ ನೇತೃತ್ವದ ವಿಜ್ಞಾನಿಗಳ ತಂಡ ಏದುಸಿರು ಬಿಡುತ್ತಾ ಗುಡ್ಡ ಹತ್ತುತ್ತಿದ್ದಾಗ, ದಾರಿ ತೋರಿಸಲು ಬಂದಿದ್ದ ಕಾಣಿ ಬುಡಕಟ್ಟು ಸಮುದಾಯದ ತರುಣರು ಸಣ್ಣ ಕಾಯಿಗಳನ್ನು ತಿನ್ನುತ್ತಾ ದಣಿವಿಲ್ಲದೆ ನಡೆಯುತ್ತಿದ್ದರು. ಮೊದಲು ಗುಟ್ಟು ಬಿಟ್ಟುಕೊಡದಿದ್ದ ಅವರು ಆಮೇಲೆ ಆರೋಗ್ಯಪಚ್ಚ ಎಂಬ ಗಿಡವನ್ನು ತೋರಿಸಿದರು. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆಯಲ್ಲಿ ಅದರೊಂದಿಗೆ ಇನ್ನು ಮೂರು ಸಸ್ಯಗಳನ್ನು ಸೇರಿಸಿ ‘ಜೀವನಿ’ ಎಂಬ ಔಷಧ ತಯಾರಾಯಿತು. ತಯಾರಿಕೆಯ ಹಕ್ಕನ್ನು 10 ಲಕ್ಷ ರೂಪಾಯಿ ಮತ್ತು ಮಾರಾಟದ ಮೇಲೆ ಶೇಕಡಾ 2 ಗೌರವಧನಕ್ಕೆ (ರಾಯಲ್ಟಿಗೆ) ಕೊಟ್ಟು, ಅದರಲ್ಲಿ ಅರ್ಧವನ್ನು ಕಾಣಿಗಳಿಗೆ ಸಲ್ಲಿಸಲು ತೀರ್ಮಾನಿಸಿದರು. 1997ರಲ್ಲಿ ಅವರದೇ ಟ್ರಸ್ಟ್ ಸ್ಥಾಪನೆಯಾಯಿತು. ಕಾನೂನು ಒತ್ತಾಯಿಸುವ ಮೊದಲೇ ನಡೆದ ಹಂಚಿಕೆಯಿದು; ನಮ್ಮ ಜೀವವೈವಿಧ್ಯ ಕಾಯಿದೆ ಬಂದದ್ದು 2002ರಲ್ಲಿ. ಎಲೆ ಸಂಗ್ರಹಿಸುವ ಅನುಮತಿಯ ವಿಚಾರದಲ್ಲಿ ತೊಡಕುಗಳು ಎದ್ದವು, ನಿರೀಕ್ಷಿಸಿದಷ್ಟು ಹಣವೂ ಬರಲಿಲ್ಲ. ಆದರೂ ಹೇಳಿಕೊಟ್ಟವರಿಗೆ ಪಾಲು ಇದೆ ಎಂಬ ಮಾತು ಲೋಕಕ್ಕೆ ಕೇಳಿಸಿದ್ದು ಅಲ್ಲಿಂದ.

ಅದಕ್ಕಿಂತ ಮುನ್ನೂರು ವರ್ಷ ಹಿಂದೆ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ 742 ಸಸ್ಯಗಳನ್ನು ವಿವರಿಸಿ 12 ಸಂಪುಟಗಳಲ್ಲಿ ಪ್ರಕಟಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ, ಮಾಹಿತಿ ಕೊಟ್ಟ ಇಟ್ಟಿ ಅಚ್ಯುತನ್ ಎಂಬ ವೈದ್ಯರ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರ ಹೇಳಿಕೆಗಳು ಅವರವರ ಹೆಸರಿನಲ್ಲಿ ಅಚ್ಚಾಗಿವೆ. ಗಿಡಗಳಿಗೆ ಮಲಯಾಳದ, ಕೊಂಕಣಿಯ ಹೆಸರುಗಳಿವೆ. ನಮ್ಮ ಪಂಚಾಯತುಗಳ ಜೀವವೈವಿಧ್ಯ ಸಮಿತಿಗಳು ಸಿದ್ಧಪಡಿಸುವ ಜನತಾ ದಾಖಲೆಯಲ್ಲಿ ಗಿಡದ ಹೆಸರು ಮಲಯಾಳದಲ್ಲಿ ಮಾತ್ರ ಇದ್ದರೆ ಸಾಲದು. ಕನ್ನಡ, ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಕರಾಡ ಮರಾಠಿ, ಕೊರಗ ಭಾಷೆಯ ಹೆಸರುಗಳೂ, ಹೇಳಿದವರ ಹೆಸರೂ ಸೇರಬೇಕು ಎಂಬುದು ನನ್ನ ಬೇಡಿಕೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯ ಮಹಿಳೆಯೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಬೇಕು. “ಮಾಷ್ಟ್ರೇ, ಸೊಪ್ಪಿನ ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ನನ್ನ ಅಪ್ಪ ಹೇಳುತ್ತಿದ್ದರು. ನಾನು ಯಾರಿಗೂ ಹೇಳಿಲ್ಲ. ನನ್ನ ಮಕ್ಕಳಿಗೆ ಇದು ಬೇಡ. ಈಗ ಏನು ಮಾಡಲಿ?” ಎಂದರು.

ಯಾವ ರೋಗಕ್ಕೆ, ಎಷ್ಟು, ಯಾವುದರೊಡನೆ ಎಂಬುದನ್ನು ಹೇಳುವುದೂ ಬಿಡುವುದೂ ನಿಮ್ಮ ಹಕ್ಕು ಅಮ್ಮಾ, ಅದನ್ನು ಯಾರೂ ಒತ್ತಾಯಿಸಿ ಕೇಳಬಾರದು. ಗಿಡ ಯಾವುದೆಂದು ಮಾತ್ರ ತೋರಿಸಿದರೆ ಅದು ಎಲ್ಲಿ ಉಳಿದಿದೆಯೆಂದು ಬರೆದಿಟ್ಟು ಕಾಯಬಹುದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರುದಿನ ಬರಲು ಹೇಳಿದರು.

ಮರುದಿನ ಗ್ರಂಥಾಲಯದ ಇಬ್ಬರು ಹುಡುಗಿಯರೊಂದಿಗೆ ಹೋದೆ. ಮನೆಯ ಹಿಂದಿನ ನಾಗಬನದ ಅಂಚಿನಲ್ಲಿ ಅವರು ತೋರಿಸಿದ ಬಳ್ಳಿಯ ಗೆಲ್ಲೊಂದನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರವಿ, ಎಲೆಯ ಮೇಲ್ಭಾಗವೂ ಅಡಿಭಾಗವೂ ಕಾಣುವಂತೆ ಒತ್ತಿಟ್ಟೆವು. ತುಳುವಿನ ಹೆಸರು, ಕನ್ನಡದ ಹೆಸರು, ಸ್ಥಳ, ತಾರೀಕು, ತೋರಿಸಿಕೊಟ್ಟವರ ಹೆಸರು ಇಷ್ಟನ್ನು ಹುಡುಗಿಯರು ಚೀಟಿಯಲ್ಲಿ ಬರೆದರು. ಉಪಯೋಗ ಎಂಬ ಜಾಗವನ್ನು ಖಾಲಿ ಬಿಟ್ಟೆವು. ಹೂವಿರಲಿಲ್ಲ. ಹೂವಿಲ್ಲದೆ ಜಾತಿಯನ್ನು ನಿಶ್ಚಯಿಸುವುದು ಕಷ್ಟವೆಂದಾಗ, “ಇದು ಹೂ ಬಿಡುವುದು ತುಲಾ ತಿಂಗಳಿನಲ್ಲಿ, ಆಗ ಬನ್ನಿ” ಎಂದು ಹೇಳಿ, ಗುರುತಿಗೆಂದು ಬಳ್ಳಿ ಹಬ್ಬಿದ ಮರದ ಬುಡಕ್ಕೆ ಬಾಳೆನಾರನ್ನು ಕಟ್ಟಿದರು.